ಕೋಲುಫೋನಿಗೆ ತೆಗೆಸಿದ ಕಂಡಿ

ನಮ್ಮ ಕಡೆಗೆ ಮೊಬೈಲು ಬಂದ ಹೊಸತರಲ್ಲಿ ಕೊಪ್ಪದ ಟವರಿಗೂ ಶೃಂಗೇರಿಯ ಟವರಿಗೂ ಮಾತುಕತೆ ಇರಲಿಲ್ಲ. ಇಲ್ಲಿ ಸಿಕ್ಕಿದ ಫೋನು ಅಲ್ಲಿ ಸಿಗದು, ಅಲ್ಲಿ ಸಿಕ್ಕಿದ್ದು ಇಲ್ಲಿ ಸತ್ತುಬಿದ್ದಿರ್ತಿತ್ತು. ನರಸಿಂಹರಾಜಪುರದ ಕಡೆ ಹೋದರೆ ಇವೆರಡೂ ಇಲ್ಲ, ಅಲ್ಲಿ ಮೂರನೆಯ ಕಂಪನಿಯದ್ದೇ ದರ್ಬಾರು. ಬಸ್ಸಿನಲ್ಲಿ ಮಾತಾಡ್ತಾ ಹೊರಟವರು ಒಂದು ತಿರುವು ಬಂದ ಕೂಡಲೇ "ಹಲೋ, ಹಲೋ" ಅಂತ ಕಿರುಚಿ, ಫೋನನ್ನು ಒಂದು ಸಲ ಬೈದು, ಕಿಸೆಗೆ ಹಾಕಿಕೊಂಡು ಮುಂದಿನ ಊರು ಬರೋ ತನಕ ಮುಖ ಊದಿಸಿ ಕೂರೋರು. ಅಂಥ ಕಾಲದಲ್ಲಿ ನಾನು ಎರಡು ಕಂಪನಿಯ ಎರಡು ಫೋನನ್ನು ಒಂದಕ್ಕೊಂದು ಕೂಡಿಸಿದೆ. ಅದನ್ನು ಹಿಡಿದುಕೊಂಡು ನನ್ನ ತಂಗಿ ನನಗೆ ಎಂತ ಮಾಡಿದಳು ಅನ್ನೋದನ್ನು ಬರೀತೀನಿ. ಮನೆಯ ಮಾತು ಬರೀಬಾರದು ಅಂತ ಹೇಳೋರು ಇದ್ದಾರೆ. ಅವರಿಗೆ ಅಂಥ ತಂಗಿ ಇಲ್ಲ.

ನನ್ನ ಕೆಲಸ ಅಡಿಕೆ ಸುಲಿಯೋದು. ಗಂಡ ಇದ್ದಾಗಲೂ ಅದೇ, ಸತ್ತ ಮೇಲೂ ಅದೇ. ತೋಟ ನಮ್ಮದಲ್ಲ, ಸುಲಿಯೋ ಕೈ ಮಾತ್ರ ನಮ್ಮದು. ದೀಪಾವಳಿ ಹಿಂದುಮುಂದು ಕೊಯ್ಲು ಶುರುವಾದರೆ ಶಿವರಾತ್ರಿ ತನಕ ಬೆನ್ನು ನೆಟ್ಟಗೆ ಮಾಡೋಕೆ ಪುರುಸೊತ್ತಿಲ್ಲ. ಮರದಿಂದ ಇಳಿಸಿದ ಹಸಿ ಅಡಿಕೆಯನ್ನು ಇಟ್ಟುಕೊಂಡು ಕೂರೋ ಹಾಗಿಲ್ಲ. ಬೇಗ ಸುಲಿದು ಬೇಯಿಸಬೇಕು. ತಡವಾದರೆ ರಾಶಿ ಬಿಸಿಯಾಗಿ ಅಡಿಕೆಯ ಬಣ್ಣ ಕೆಡ್ತದೆ, ಬಣ್ಣ ಕೆಟ್ಟದ್ದನ್ನು ಕಂಡರೆ ಮಂಡಿಯವನು ಮೂಗು ಮುರೀತಾನೆ. ಹಾಗಾಗಿ ಮರದಿಂದ ಅಡಿಕೆಗೊನೆ ಇಳಿಸೋ ಮೊದಲೇ ತೋಟದವರು ಸುಲಿಯೋರನ್ನು ಗೊತ್ತುಮಾಡಿಕೊಳ್ಳಬೇಕು. ಹೆಂಗಸರದ್ದು ಒಂದು ಗುಂಪು, ಗುಂಪಿಗೆ ಒಬ್ಬಳು ಮೇಸ್ತ್ರಿ. ನಮ್ಮ ಗುಂಪಿಗೆ ನಾನು. ಮೇಸ್ತ್ರಿ ಅಂದರೆ ದೊಡ್ಡದೆಂತದೂ ಅಲ್ಲ, ಎಲ್ಲರಿಗಿಂತ ಮೊದಲು ಬೈಸಿಕೊಳ್ಳೋಳು.

ಗೊತ್ತುಮಾಡೋದಕ್ಕೆ ನಮ್ಮಲ್ಲಿ ಒಂದು ಕ್ರಮ ಇತ್ತು. ತೋಟದ ಮನೆಯವರು ನಮ್ಮ ಬಾಗಿಲಿಗೆ ಬಂದು ಎರಡು ವೀಳ್ಯದೆಲೆ, ಒಂದು ಅಡಿಕೆ ಮೇಸ್ತ್ರಿಯ ಕೈಗೆ ಕೊಡೋರು. ಇದಕ್ಕೆ ಎಲೆ ಹಿಡಿಯೋದು ಅಂತ ಹೆಸರು. ಹಿಡಿದ ಎಲೆಯನ್ನು ಅವರ ಎದುರಿಗೇ ಬಾಯಿಗೆ ಹಾಕಿಕೊಳ್ಳಬೇಕು. ಹಾಕಿಕೊಂಡ ಮೇಲೆ ಮುಗೀತು. ಆ ದಿನಕ್ಕೆ ಬೇರೆ ಯಾರು ಬಂಗಾರದ ತಟ್ಟೆ ಇಟ್ಟು ಕರೆದರೂ ಹೋಗೋ ಹಾಗಿಲ್ಲ. ಜ್ವರ ಬಂದರೂ ಕಂಬಳಿ ಹೊದ್ದುಕೊಂಡು ಹೋಗಿ ಅಡಿಕೆ ಸುಲಿಯೋ ಮೆಟ್ಟುಗತ್ತಿಯ ಮುಂದೆ ಕೂರಬೇಕು. ನಾನು ಎಲೆ ಹಿಡಿದು ತಪ್ಪಿದವಳಲ್ಲ. ಬೇಕಾದರೆ ಮೇಗುಂದದಿಂದ ಅಡ್ಡಗದ್ದೆ ತನಕ ಯಾವ ತೋಟದವರನ್ನಾದರೂ ಕೇಳಿ ಅಂತ ಒಂದು ಕಾಲದಲ್ಲಿ ಧೈರ್ಯವಾಗಿ ಹೇಳ್ತಿದ್ದೆ.

ತಂಗಿಯನ್ನು ಕೊಟ್ಟಿದ್ದು ಶೃಂಗೇರಿಯ ಕಡೆ, ಅಡ್ಡಗದ್ದೆಗೆ. ಅವಳೂ ನಮ್ಮ ಗುಂಪಿನಲ್ಲೇ. ಗುಂಪಿನ ಅರ್ಧ ಹೆಂಗಸರು ನನ್ನ ಊರಿನವರು, ಅರ್ಧ ಅವಳು ಆ ಕಡೆಯಿಂದ ಕರಕೊಂಡು ಬರೋರು. ಮುಖದಲ್ಲಿ ನಾವಿಬ್ಬರೂ ಒಂದೇ ತಾಯಿಯ ಮಕ್ಕಳು ಅಂತ ಯಾರೂ ಹೇಳರು, ಅವಳು ಬಿಳಿ, ನಾನು ಮಸಿ. ದನಿ ಮಾತ್ರ ಒಂದೇ. ಕಣ್ಣು ಮುಚ್ಚಿಕೊಂಡು ಕೇಳಿದರೆ ಹೆತ್ತವ್ವನಿಗೂ ತಿಳೀತಿರಲಿಲ್ಲ. ನನ್ನ ಗಂಡ ಬದುಕಿದ್ದಾಗ ಒಂದು ದಿನ ಅಂಗಳದಲ್ಲಿ ಕಾಲು ತೊಳೀತಾ, "ಏನೇ, ನಿನ್ನ ತಂಗಿ ಇನ್ನೂ ಎಷ್ಟು ದಿನ ಠಿಕಾಣಿ ಹಾಕ್ತಾಳೆ?" ಅಂತ ಕೇಳಿದರು. ಒಳಗಿದ್ದವಳು ಅವಳೇ. "ಇನ್ನೊಂದು ವಾರ ಇರ್ತಾಳಂತೆ, ಕೋಳಿ ತರಬೇಕಂತೆ" ಅಂದಳು. ಅವರು ಗೊಣಗಿಕೊಂಡು ಒಳಗೆ ಬಂದು, ನಾದಿನಿಯ ಮುಖ ಕಂಡು, ಹಾಗೇ ತಿರುಗಿ ಹೊರಗೆ ಹೋದರು. ನಾವಿಬ್ಬರೂ ಬಿದ್ದು ಬಿದ್ದು ನಕ್ಕಿದ್ದೆವು. ಆಗ ಅದು ನಗೋ ವಿಷಯ.

ನನ್ನ ಮನೆಗೆ ಮೊದಲು ಬಂದಿದ್ದು ಕೋಲುಫೋನು. ಮೇಜಿನ ಮೇಲೆ ಕೂರೋ ಫೋನೇ, ಆದರೆ ತಂತಿಯಿಲ್ಲ, ತಲೆಯ ಮೇಲೊಂದು ಕೋಲು. ಆಫೀಸಿನವರು ಡಬ್ಲ್ಯೂಎಲ್‌ಎಲ್ ಅನ್ನೋರು, ನಮ್ಮ ನಾಲಿಗೆ ಅದಕ್ಕೆ ತಿರುಗಲಿಲ್ಲ. ನಮ್ಮ ಕಡೆ ತಂತಿಯ ಫೋನಾದರೆ ಒಂದು ಕೊಂಬೆ ಬಿದ್ದರೆ ತಿಂಗಳುಗಟ್ಟಲೆ ಮೂಗಿ. ಇದಕ್ಕೆ ಆ ತಾಪತ್ರಯ ಇಲ್ಲ. ಕಿಟಕಿಯ ಹತ್ತಿರ ಇಟ್ಟರೆ ಕೊಪ್ಪದ ಗುಡ್ಡದ ಟವರು ಸಿಗ್ತಿತ್ತು. ನನಗೆ ಅಕ್ಷರ ಅಷ್ಟಕ್ಕಷ್ಟೇ, ಅಂಕಿ ಗೊತ್ತು. ಫೋನಿಗೆ ಅಂಕಿ ಸಾಕು.

ಫೋನು ಬಂದ ಮೇಲೆ ತೋಟದವರಿಗೆ ಸುಖ ಆಯ್ತು. ಬಾಗಿಲಿಗೆ ಬರೋದು ತಪ್ಪಿತು. ಮೇಗುಂದದ ಕಡೆ ಒಬ್ಬರು ಯಜಮಾನರು, ಮೂರು ತಲೆಮಾರಿನಿಂದ ನಮ್ಮ ಕೈಯಲ್ಲೇ ಸುಲಿಸೋರು, ಮೊದಲ ಸಲ ಫೋನು ಮಾಡಿ ಕೇಳಿದರು. "ಎಂತ ಮಾರಾಯ್ತಿ, ಫೋನಿನ ತೂತಲ್ಲಿ ಎಲೆ ತೂರಿಸೋಕಾಗ್ತದಾ? ಎಲೆ ಹಿಡಿದ ಲೆಕ್ಕ ಹೇಗೆ?"

ನಾನು ಹೇಳಿದೆ. "ಅಯ್ಯಾ, ನನ್ನ ಬಾಯಿಂದ 'ಹಿಡಿದೆ' ಅಂತ ಬಂದರೆ ಎಲೆ ಹಿಡಿದ ಹಾಗೇ. ನನ್ನ ದನಿ ನಿಮಗೆ ಗೊತ್ತಿಲ್ಲವಾ?"

"ನಿನ್ನ ದನಿ ಗೊತ್ತಿಲ್ಲದೆ ಉಂಟಾ? ಗುಡ್ಡದ ಆಚೆ ಕೇಳ್ತದೆ."

ಅಲ್ಲಿಂದ ಅದೇ ರೂಢಿ ಆಯ್ತು. ಅವರು ದಿನ ಹೇಳೋರು, ನಾನು 'ಹಿಡಿದೆ' ಅನ್ನೋಳು. ಎಲೆಯೂ ಇಲ್ಲ, ಅಡಿಕೆಯೂ ಇಲ್ಲ, ಬರೀ ದನಿ.

ತೊಂದರೆ ಒಂದೇ. ಕೊಯ್ಲಿನ ಕಾಲದಲ್ಲಿ ನಾನು ಮನೆಯಲ್ಲಿ ಇರೋದಿಲ್ಲ. ಬೀಗ ಹಾಕಿದ ಮನೆಯಲ್ಲಿ ಫೋನು ಬಡಕೊಂಡು ಬಡಕೊಂಡು ಸುಮ್ಮನಾಗ್ತಿತ್ತು. "ಬೆರಳು ಸವೀತು ಮೇಸ್ತ್ರಿ, ನೀನು ಎತ್ತಲಿಲ್ಲ, ಬೇರೆಯವರನ್ನು ಕರೆದೆವು" ಅಂತ ಇಬ್ಬರು ಮೂವರು ಹೇಳಿದರು. ಗುಂಪಿನ ಕೆಲಸ ಕೈಬಿಡ್ತಿತ್ತು. ಅದೇ ಹೊತ್ತಿಗೆ ತಂಗಿಯ ಮನೆಯಲ್ಲಿ ಅವಳಿಗೊಂದು ಮೊಬೈಲು ತೆಗೆಸಿಕೊಟ್ಟಿದ್ದರು. ಅದು ಬೇರೆ ಕಂಪನಿಯದ್ದು, ಶೃಂಗೇರಿಯ ಕಡೆ ಸಿಗೋದು, ಗುಡ್ಡ ಹತ್ತಿದರೆ ಉಳಿದ ಕಡೆಯೂ ಅಷ್ಟಿಷ್ಟು. ನನ್ನ ಮನೆಯೊಳಗೆ ಬಂದರೆ ಹೆಣ. ನನ್ನ ಕೋಲುಫೋನು ಅವಳ ಊರಿಗೆ ಹೋದರೆ ಅದೂ ಹೆಣ.

ಕೊಪ್ಪದ ಬಸ್‌ಸ್ಟ್ಯಾಂಡಿನ ಹತ್ತಿರ ಫೋನು ರಿಪೇರಿ ಮಾಡೋ ಒಬ್ಬ ಇದ್ದ. ಕರೆನ್ಸಿಯನ್ನೂ ಹಾಕ್ತಿದ್ದ, ಕೊಡೆಯನ್ನೂ ಮಾರ್ತಿದ್ದ. ಅವನ ಹತ್ತಿರ ಒಂದು ದಾರಿ ಇದೆ ಅಂತ ತಂಗಿಯೇ ಕೇಳಿಕೊಂಡು ಬಂದಳು. ಒಂದು ದಿನ ಇಬ್ಬರೂ ಹೊರಟೆವು. ಕೋಲುಫೋನನ್ನು ಕೈಚೀಲಕ್ಕೆ ಹಾಕಿ ಬಸ್ಸು ಹತ್ತಿದೆ. ಕೋಲು ಚೀಲದಿಂದ ಹೊರಗೆ ಇಣುಕ್ತಿತ್ತು. ಕಂಡಕ್ಟರು, "ಎಂತ ಅಮ್ಮಾ, ಕೋಳಿಯಾ? ಕೋಳಿಗೂ ಟಿಕೆಟ್ ಉಂಟು" ಅಂದ.

"ಕೋಳಿಯಾದರೆ ಮೊಟ್ಟೆ ಇಡ್ತಿತ್ತು. ಇದು ಬರೀ ಕೂಗೋದು" ಅಂದೆ.

ಅಂಗಡಿಯವನಿಗೆ ತಂಗಿ ವಿವರಿಸಿದಳು. ಅಕ್ಕ ಮನೆಯಲ್ಲಿಲ್ಲದಾಗ ಅಕ್ಕನ ಫೋನಿಗೆ ಬಂದದ್ದು ನನ್ನ ಮೊಬೈಲಿಗೆ ಬರಬೇಕು, ನಾವಿಬ್ಬರೂ ಕೆಲಸದಲ್ಲಿ ಒಟ್ಟಿಗೇ ಇರ್ತೇವೆ, ನಾನು ಅಕ್ಕನ ಕೈಗೆ ಕೊಡ್ತೇನೆ ಅಂತ.

ನಾನು ಅವನನ್ನು ಕೇಳಿದೆ. "ಅಲ್ಲ ಮಾರಾಯ, ಎರಡೂ ಬೇರೆ ಬೇರೆ ಕಂಪನಿ. ಒಂದರ ಟವರು ಇನ್ನೊಂದಕ್ಕೆ ಆಗಲ್ಲ. ಕೂಡೋದು ಹೇಗೆ?"

ಅವನು ನಕ್ಕ. "ನಿಮ್ಮೂರಲ್ಲಿ ಜಗಳ ಆಡಿದ ಎರಡು ಮನೆ ಇಲ್ಲವಾ ಅಮ್ಮಾ? ಮುಖ ನೋಡಲ್ಲ, ಆದರೂ ಮದುವೆಗೆ ಪಾತ್ರೆ ಆಚೀಚೆ ಹೋಗ್ತದೆ. ಹಾಗೆ. ಟವರು ಬೇರೆಯಾದರೂ ಒಳಗಿಂದ ಕೊಡೋದು ತಗೊಳ್ಳೋದು ಉಂಟು. ನಿಮ್ಮ ಫೋನನ್ನು ನೀವು ಎತ್ತದಿದ್ದರೆ ಮಾತ್ರ ಇವರದ್ದಕ್ಕೆ ಹೋಗ್ತದೆ."

ಮೇಲಿನ ಗದ್ದೆ ತುಂಬಿದ ಮೇಲೆ ಹೆಚ್ಚಿನ ನೀರು ಕೆಳಗಿನ ಗದ್ದೆಗೆ ಇಳೀಲಿ ಅಂತ ಬದುವಿನಲ್ಲಿ ಒಂದು ಸಂದು ಬಿಡ್ತೇವೆ. ನಾವು ಅದನ್ನು ಕಂಡಿ ಅಂತೇವೆ. "ಅಂದರೆ ನನ್ನ ಫೋನಿಗೆ ಒಂದು ಕಂಡಿ ತೆಗೀತೀಯ" ಅಂದೆ. "ಅದೇ ಅದೇ" ಅಂದ. ಎಂತದೋ ನಕ್ಷತ್ರ ಒತ್ತಿದ, ಅಂಕಿ ಒತ್ತಿದ, ತಂಗಿಯ ನಂಬರು ಒತ್ತಿದ. ಮುಗೀತು. "ಇನ್ನು ಸ್ವಲ್ಪ ವರ್ಷ ತಡೀರಿ ಅಮ್ಮಾ. ಒಂದೇ ಫೋನು ಹಿಡಕೊಂಡು ಎಲ್ಲಿಗೆ ಹೋದರೂ ಒಂದು ಟವರಿಂದ ಇನ್ನೊಂದಕ್ಕೆ ತಾನೇ ಹಾರ್ತಾ ಹೋಗ್ತದೆ. ಮಾತು ತುಂಡಾಗೋದೇ ಇಲ್ಲ" ಅಂತ ಆಸೆ ಬೇರೆ ತೋರಿಸಿದ. ನನಗೆ ಅಷ್ಟೆಲ್ಲ ಬೇಡವಾಗಿತ್ತು. ಗುಂಪಿಗೆ ಕೆಲಸ ತಪ್ಪದಿದ್ದರೆ ಸಾಕಾಗಿತ್ತು.

ಆ ವರ್ಷದ ಕೊಯ್ಲಿನಂಥ ಕೊಯ್ಲು ನಾನು ಬೇರೆ ನೋಡಿಲ್ಲ. ಸುಳ್ಳು ಯಾಕೆ ಹೇಳಲಿ. ಎಲ್ಲಿ ಕೂತು ಸುಲೀತಿದ್ದರೂ ಫೋನು ಹಿಂದೆಯೇ ಬರೋದು. ತಂಗಿ ಸೆರಗಿನಲ್ಲಿ ಗಂಟು ಕಟ್ಟಿಕೊಂಡ ಮೊಬೈಲನ್ನು ಬಿಚ್ಚಿ, "ಅಕ್ಕಾ, ನಿನಗೆ" ಅಂತ ನನ್ನ ಕಿವಿಗೇ ಹಿಡಿಯೋಳು, ನನ್ನ ಕೈ ಹಸಿ ಅಡಿಕೆಯ ಚೊಗರು ರಸಕ್ಕೆ ಕಪ್ಪಾಗಿರ್ತಿತ್ತಲ್ಲ. ನಾನು 'ಹಿಡಿದೆ' ಅನ್ನೋಳು. ಕತ್ತಿ ನಿಲ್ಲಿಸ್ತಿರಲಿಲ್ಲ. ಅವಳ ಫೋನು ಸಿಗದ ಜಾಗವಾದರೆ ಮಧ್ಯೆ ಮಧ್ಯೆ ಎದ್ದು ದಿಬ್ಬ ಹತ್ತಿ ನೋಡಿಕೊಂಡು ಬರೋಳು. "ಮೇಗುಂದದವರು ಮಾಡಿದ್ದರು ಅಕ್ಕಾ, ಸೋಮವಾರ ಅಂದರು, ಹಿಡಿದೆ ಅಂದೆ" ಅಂತ ಬಂದು ಹೇಳೋಳು. ಅವಳು ಹಿಡಿದರೆ ಎಂತ, ನಾನು ಹಿಡಿದರೆ ಎಂತ. ಹಾಗೆ ತಿಳಕೊಂಡಿದ್ದೆ.

ಮಾರನೇ ವರ್ಷ ಗೌರಿ ಹಬ್ಬಕ್ಕೆ ಬಂದಳು. ಅಪ್ಪ ಅವ್ವ ಇಲ್ಲದ ಮೇಲೆ ನನ್ನ ಮನೆಯೇ ಅವಳಿಗೆ ತವರು. ಬಾಗಿನ ಕೊಟ್ಟೆ, ಸೀರೆ ಉಡಿಸಿದೆ, ಕಡುಬು ತಿನ್ನಿಸಿದೆ. ಹೊರಡೋ ಮೊದಲು, "ಎಂತದು ಅಕ್ಕಾ, ಫೋನಿನ ಮೇಲೆ ಇಷ್ಟು ಧೂಳು" ಅಂತ ಸೆರಗಿನಲ್ಲಿ ಒರೆಸಿದಳು. ಒರೆಸ್ತಾ ಕುಂಯ್ ಕುಂಯ್ ಅನ್ನಿಸಿದಳು. "ಗುಂಡಿ ಎಲ್ಲಾ ಸರಿ ಉಂಟಾ ನೋಡಿದೆ" ಅಂದಳು. ನಾನು ಅವಳಿಗೆ ಕಟ್ಟಿಕೊಡೋಕೆ ಬಾಳೆಎಲೆ ಹುಡುಕ್ತಿದ್ದೆ.

ಕೊಯ್ಲಿನ ಕಾಲ ಬಂತು. ಫೋನು ಬರಲಿಲ್ಲ. ದೀಪಾವಳಿ ಹೋಯ್ತು, ಆಗಲೂ ಇಲ್ಲ. ಕೋಲನ್ನು ಆ ಕಡೆ ತಿರುಗಿಸಿದೆ, ಈ ಕಡೆ ತಿರುಗಿಸಿದೆ. ಅಟ್ಟದ ಮೇಲೆ ಇಟ್ಟೆ. ಉಪ್ಪಿನಕಾಯಿ ಭರಣಿಯ ಮೇಲೆ ಇಟ್ಟೆ. ನಾನು ಮಾಡಿದರೆ ಹೋಗ್ತದೆ, ನನಗೆ ಮಾತ್ರ ಬರೋದಿಲ್ಲ. ತಂಗಿಗೆ ಮಾಡಿ ಕೇಳಿದೆ.

"ನಿನ್ನ ಫೋನು ಸಿಗೋದೇ ಇಲ್ಲ ಅಕ್ಕಾ. ನನಗೆ ಹೇಳೋದಿದ್ದರೆ ನೀನೇ ಮಾಡು" ಅಂದಳು.

"ಕೆಲಸ ಎಂತದೂ ಬರ್ತಿಲ್ಲವಲ್ಲೇ. ನಿನ್ನ ಮೊಬೈಲಿಗೆ ಯಾರೂ ಮಾಡಲಿಲ್ಲವಾ?"

"ಎಲ್ಲಿಂದ ಬರ್ತದೆ? ಕೊಳೆ ರೋಗ ಬಂದು ಅರ್ಧ ಫಸಲು ಉದುರಿಹೋಯ್ತು. ಇದ್ದದ್ದನ್ನು ಮನೆಯವರೇ ಸುಲಕೊಳ್ತಿದ್ದಾರಂತೆ. ನಾವೂ ಇಲ್ಲಿ ಕೈ ಕಟ್ಟಿ ಕೂತಿದ್ದೇವೆ."

ಅವಳು ಮಾತಾಡ್ತಿದ್ದಾಗ ಹಿಂದೆ ಟಕ್ ಟಕ್ ಅಂತ ಸದ್ದು. ಸಿಗ್ನಲ್ಲು ಸರಿಯಿಲ್ಲದ್ದಕ್ಕೆ ಫೋನೇ ಹಾಗೆ ಕಟಕಟ ಅಂತಿದೆ ಅಂದುಕೊಂಡೆ. ಜೀವಮಾನ ಎಲ್ಲಾ ಆ ಸದ್ದಿನ ನಡುವೆ ಕೂತವಳು ನಾನು. ಹತ್ತಾರು ಹೆಂಗಸರು ಮೆಟ್ಟುಗತ್ತಿಗೆ ಅಡಿಕೆ ಕೊಡೋ ಸದ್ದು, ಅದನ್ನು ಫೋನಿನ ಕಾಯಿಲೆ ಅಂದುಕೊಂಡೆ. ತಂಗಿ ಸುಳ್ಳು ಹೇಳ್ತಾಳೆ ಅಂತ ಅಂದುಕೊಳ್ಳೋದಕ್ಕಿಂತ ಅದು ಸುಲಭ ಇತ್ತು.

ನನ್ನ ಊರಿನ ಹೆಂಗಸರು ದಿನಾ ಬಂದು ಜಗಲಿಯ ಮೇಲೆ ಕೂರೋರು. ಅವರದ್ದು ವರ್ಷದ ಅಕ್ಕಿ ಈ ನಾಲ್ಕು ತಿಂಗಳಲ್ಲೇ ಆಗಬೇಕು. ಮೊದಲು ನಗ್ತಿದ್ದರು, ಆಮೇಲೆ ಚುಚ್ಚಿದರು. ಅವರಲ್ಲೊಬ್ಬಳು ಬಾಯಿಬಡುಕಿ ಇದ್ದಳು. "ಮೇಸ್ತ್ರಕ್ಕಾ, ನಿಮ್ಮ ಫೋನಿಗೆ ಕೋಲು ಇರೋದು ಕಾಗೆ ಓಡಿಸೋಕಾ?" ಅಂತ ಕೇಳಿದಳು. ಇನ್ನೊಬ್ಬಳು, "ನಮ್ಮನ್ನು ಇಲ್ಲಿ ಕೂರಿಸಿ ನೀವು ಎಲ್ಲಾದರೂ ಬೇರೆ ಗುಂಪು ಮಾಡಿದ್ದೀರಾ ಹೇಗೆ?" ಅಂದಳು. ಅವಳಿಗೆ ಬೈದೆ. ಅವಳು ಹೇಳಿದ್ದು ಅರ್ಧ ಸರಿ ಇತ್ತು ಅಂತ ಆಗ ಗೊತ್ತಿರಲಿಲ್ಲ.

ಒಂದು ಬೆಳಿಗ್ಗೆ ಮೇಗುಂದದ ಯಜಮಾನರ ಜೀಪು ಮನೆಯ ಎದುರಿಗೆ ಬಂದು ನಿಂತಿತು. ಇಳಿದವರು ಒಳಗೆ ಬರಲಿಲ್ಲ. ಅಂಗಳದಲ್ಲೇ ನಿಂತರು. ಮುಖ ಕೆಂಪಾಗಿತ್ತು.

"ನಿನಗೆ ನಾಚಿಕೆ ಆಗಬೇಕು ಮಾರಾಯ್ತಿ. ಮೂರು ದಿನ ಆಯ್ತು ಕೊನೆ ಇಳಿಸಿ. ರಾಶಿ ಕೈ ಇಟ್ಟರೆ ಸುಡ್ತದೆ. ಬರದಿದ್ದರೆ ಬರಲ್ಲ ಅನ್ನಬೇಕಿತ್ತು. ಹಿಡಿದೆ ಅಂತ ಯಾಕೆ ಹೇಳಿದೆ?"

"ಯಾರು ಹೇಳಿದ್ದು ಅಯ್ಯಾ?"

"ನೀನೇ! ನನ್ನ ಕಿವಿಯಲ್ಲೇ ಹೇಳಿದ್ದಲ್ಲ. ಗುರುವಾರ ಬರ್ತೇವೆ, ಹಿಡಿದೆ ಅಂದಿ. ಮೊನ್ನೆ ಮಾಡಿದರೆ ನಾಳೆ ಅಂದಿ. ನಿನ್ನೆ ಮಾಡಿದರೆ ಎತ್ತಲಿಲ್ಲ."

"ನಿಮ್ಮ ಹತ್ತಿರ ಈ ವರ್ಷ ನಾನು ಮಾತೇ ಆಡಲಿಲ್ಲ."

"ನಿನ್ನ ದನಿ ನನಗೆ ಗೊತ್ತಿಲ್ಲವಾ?" ಅಂದರು. ನಾನೇ ಹಿಂದೆ ಅವರಿಗೆ ಹೇಳಿದ ಮಾತು, ತಿರುಗಿ ನನ್ನ ಮುಖಕ್ಕೆ ಬಂತು. "ನಮ್ಮಪ್ಪ ನಿನ್ನ ಅತ್ತೆಗೆ ಎಲೆ ಕೊಟ್ಟವರು. ಆಗೆಲ್ಲಾ ಒಂದು ದಿನ ಹೀಗಾಗಲಿಲ್ಲ."

ನಾನು ಜಗಲಿಯಲ್ಲಿದ್ದ ಹೆಂಗಸರಿಗೆ ಕತ್ತಿ ತಗೊಳ್ಳಿ ಅಂದೆ. ಅವರದ್ದೇ ಜೀಪಿನಲ್ಲಿ ಹೋದೆವು. ನಾನು ಹಿಡಿಯದ ಎಲೆ, ಆದರೂ ನನ್ನ ಹೆಸರಿನಲ್ಲಿ ಹಿಡಿದದ್ದು. ಕತ್ತಲಾಗೋ ತನಕ ಸುಲಿದೆವು. ರಾಶಿಯ ಮೇಲಿನದ್ದು ಉಳೀತು, ಅಡಿಯದ್ದು ಕೆಟ್ಟಿತ್ತು. ಮನೆಯ ಅಮ್ಮನವರು ಊಟ ಬಡಿಸಿದರು, ಯಾವಾಗಲೂ ಮಾತಾಡ್ತಾ ಬಡಿಸೋರು ಆ ದಿನ ಸಾರು ಬೇಕಾ ಅಂತಲೂ ಕೇಳಲಿಲ್ಲ. ಹೊರಡೋವಾಗ ಯಜಮಾನರು, "ಬಂದದ್ದಕ್ಕೆ ಆಯ್ತು. ಮುಂದಿನ ವರ್ಷಕ್ಕೆ ನಾನು ಬೇರೆಯವರನ್ನು ನೋಡಿಕೊಳ್ತೇನೆ" ಅಂದರು. ಬೈದಿದ್ದರೆ ಸಹಿಸ್ತಿದ್ದೆ. ಮೆಲ್ಲಗೆ ಹೇಳಿದರು.

ಮಾರನೇ ದಿನ ಮನೆಗೆ ಬೀಗ ಹಾಕಿ, ಬೀಗದಕೈ ಸೊಂಟಕ್ಕೆ ಸಿಕ್ಕಿಸಿ ಕೊಪ್ಪಕ್ಕೆ ಹೋದೆ. ಬಸ್‌ಸ್ಟ್ಯಾಂಡಿನ ಎಸ್‌ಟಿಡಿ ಬೂತಿಗೆ ಹೋಗಿ ನನ್ನದೇ ಮನೆಯ ನಂಬರು ಒತ್ತಿದೆ. ಬೀಗ ಹಾಕಿದ ಮನೆ. ಯಾರೂ ಇಲ್ಲದ ಮನೆ. ಎರಡು ಸಲ ಬಡಕೊಂಡಿತು, ಎತ್ತಿದರು.

"ಹಲೋ, ಯಾರು?"

ನನ್ನ ದನಿ. ನಾನು ಹೇಗೆ ಕೇಳ್ತೇನೋ ಹಾಗೇ, ಕೊನೆಯ ಅಕ್ಷರ ಸ್ವಲ್ಪ ಎಳೆದು. ಒಂದು ಗಳಿಗೆ ನಾನು ಸತ್ತು ನನ್ನ ದೆವ್ವ ಮನೆಯಲ್ಲಿ ಕೂತಿದೆಯೋ ಅನ್ನಿಸಿತು. ಸೆರಗನ್ನು ಬಾಯಿಗೆ ಒತ್ತಿಕೊಂಡು ದನಿ ದಪ್ಪ ಮಾಡಿ ಕೇಳಿದೆ. "ಮೇಸ್ತ್ರಿ ಇದ್ದಾರಾ?"

"ನಾನೇ ಮೇಸ್ತ್ರಿ ಮಾತಾಡೋದು. ಹೇಳಿ."

ಎಷ್ಟು ಸಲೀಸಾಗಿ ಹೇಳಿದಳು. ತಡವರಿಸಲಿಲ್ಲ. ದಿನಾ ಹೇಳಿ ರೂಢಿಯಾದ ಮಾತು. ಹಿಂದೆ ಟಕ್ ಟಕ್ ಸದ್ದು. ಈ ಸಲ ಅದು ಎಂತ ಅಂತ ತಿಳೀತು. ಫೋನು ಇಟ್ಟೆ. ಬೂತಿನವನು, "ಸಿಗಲಿಲ್ಲವಾ ಅಮ್ಮಾ?" ಅಂದ.

"ಸಿಕ್ಕಿತು" ಅಂದೆ.

ಅಲ್ಲಿಂದ ನೆಟ್ಟಗೆ ರಿಪೇರಿ ಅಂಗಡಿಗೆ ಹೋದೆ. ಅವನು ನನ್ನನ್ನು ಕಂಡವನೇ ಕೂಗಿ ಕೂಗಿ ಮಾತಾಡಿದ. "ಬನ್ನಿ ಅಮ್ಮಾ! ಆರೋಗ್ಯವಾ?"

"ಯಾಕೆ ಹಾಗೆ ಬೊಬ್ಬೆ ಹಾಕ್ತೀಯ?"

"ಅಲ್ಲ, ನಿಮಗೆ ಕಿವಿ ಮಂದ ಆಗಿದೆ ಅಂತ ನಿಮ್ಮ ತಂಗಿ ಹೇಳಿದ್ದರು. ಗೌರಿ ಹಬ್ಬದ ಮೊದಲು ಬಂದಿದ್ದರಲ್ಲ. ಅಕ್ಕನಿಗೆ ಫೋನು ಬಡಕೊಂಡರೂ ಕೇಳಲ್ಲ, ಹಾಗಾಗಿ ಎಲ್ಲಾ ಕರೆಯೂ ನೆಟ್ಟಗೆ ನನಗೇ ಬರೋ ಹಾಗೆ ಹೇಗೆ ಮಾಡೋದು ಅಂತ ಕೇಳಿಕೊಂಡು ಹೋದರು. ನಾನು ಬರಕೊಟ್ಟೆ, ಯಾವುದು ಒತ್ತಬೇಕು ಅಂತ."

ಧೂಳು ಒರೆಸಿದ್ದು ನೆನಪಾಯ್ತು. ನಾನು ಅವಳಿಗೆ ಕಡುಬು ಕಟ್ಟಿಕೊಡೋಕೆ ಎಲೆ ಹುಡುಕ್ತಾ ಇದ್ದ ಹೊತ್ತಿಗೆ ಅವಳು ನನ್ನ ಕೆಲಸಕ್ಕೆ ಕಂಡಿ ಕಡೀತಿದ್ದಳು. ಹೆಚ್ಚಿನ ನೀರು ಹೋಗಲಿ ಅಂತ ನಾನು ಸಂದು ಬಿಟ್ಟರೆ ಅವಳು ಬದುವನ್ನೇ ಒಡೆದಳು. ಮೇಲಿನ ಗದ್ದೆ ಒಣಗಿ ಬಿರುಕು ಬಿಟ್ಟಿತು, ನಾನು ಆಕಾಶ ನೋಡ್ತಾ ಕೂತಿದ್ದೆ.

ಅಂಗಡಿಯವನಿಗೆ ಪಾಪ ಎಂತ ಗೊತ್ತು. "ನನ್ನ ಕಿವಿ ಸರಿ ಉಂಟು. ಆ ಕಂಡಿ ಮುಚ್ಚೋಕೆ ಯಾವುದು ಒತ್ತಬೇಕು ಅದನ್ನು ಹೇಳು. ಮೆಲ್ಲಗೆ ಹೇಳಿದರೂ ಕೇಳ್ತದೆ" ಅಂದೆ.

ಮನೆಗೆ ಹೋಗಿ ಅವನು ಹೇಳಿದ ಹಾಗೆ ಒತ್ತಿದೆ. ಮಾರನೇ ದಿನ ಅಡ್ಡಗದ್ದೆಗೆ ಹೋದೆ. ತಂಗಿ ಆಗಷ್ಟೇ ಕೆಲಸದಿಂದ ಬಂದು ಕೈ ತೊಳೀತಿದ್ದಳು. ಚೊಗರು ಹತ್ತಿ ಬೆರಳು ಕಪ್ಪು. ಅದನ್ನು ಸೀರೆಯಲ್ಲಿ ಮುಚ್ಚಿಕೊಳ್ಳೋಕೆ ನೋಡಿದಳು. ನಾನು ಬಿಡಲಿಲ್ಲ.

"ಕೆಲಸ ಇಲ್ಲ ಅಂದಿ. ಕೈ ಕಪ್ಪು ಎಲ್ಲಿಂದ ಬಂತು, ಮಸಿ ಬಳಕೊಂಡಿದ್ದಾ?"

ಅವಳು ಒಳಗೆ ಹೋಗಿ ಕಾಫಿ ತಂದಳು. ಕುಡಿದೆ. ಕಾಫಿ ಎಂತ ತಪ್ಪು ಮಾಡಿದೆ.

"ನೀನೇ ಮೇಸ್ತ್ರಿ ಅಂತೆ" ಅಂದೆ. "ನಿನ್ನೆ ಬೂತಿನಿಂದ ಮಾಡಿದ್ದು ನಾನು."

ಮೊದಲು ಇಲ್ಲ ಅಂದಳು. ಆ ಮೇಲೆ ಟವರಿನ ಮೇಲೆ ಹಾಕಿದಳು, ಕಂಪನಿಯ ಮೇಲೆ ಹಾಕಿದಳು. ಕೊನೆಗೆ ಒಲೆಯ ಕಡೆ ತಿರುಗಿಕೊಂಡು ಹೇಳಿದಳು. "ಬೇಕಂತ ಶುರು ಮಾಡಿದ್ದಲ್ಲ ಅಕ್ಕಾ. ಹೋದ ವರ್ಷ ದಿಬ್ಬದ ಮೇಲೆ ಒಂದು ಸಲ ಫೋನು ಎತ್ತಿದೆ. ಆ ಕಡೆಯವರು ನೀನು ಅಂದುಕೊಂಡು ಮಾತಾಡಿದರು. ಹೇಗಿದ್ದೀರಿ ಮೇಸ್ತ್ರಿ, ನೀವು ಬಂದರೆ ನಮಗೆ ನೆಮ್ಮದಿ ಅಂದರು. ನನ್ನ ಹತ್ತಿರ ಹುಟ್ಟಿದಾಗಿಂದ ಯಾರೂ ಹಾಗೆ ಮಾತಾಡಲಿಲ್ಲ. ಎಲ್ಲಿ ಹೋದರೂ ಮೇಸ್ತ್ರಿ ತಂಗಿ. ನಾನೂ ಅಷ್ಟೇ ಸುಲೀತೇನೆ, ನಿನಗಿಂತ ಬೇಗ ಸುಲೀತೇನೆ. ನಾನಲ್ಲ ಅಂತ ಹೇಳೋಕೆ ಬಾಯಿ ಬರಲಿಲ್ಲ."

"ಮೇಗುಂದದವರಿಗೆ ಹಿಡಿದೆ ಅಂದು ಯಾಕೆ ಹೋಗಲಿಲ್ಲ?"

"ಬಾಳೆಹೊನ್ನೂರಿನ ಆಚೆಯಿಂದ ದೊಡ್ಡ ತೋಟದವರು ಕರೆದರು. ಗಾಡಿಯನ್ನೂ ಕಳಿಸಿದರು. ಮೇಗುಂದ ನಿನಗೆ ಹತ್ತಿರ, ಹೇಗೂ ನೀನು ನೋಡಿಕೊಳ್ತೀಯ ಅಂತ…"

"ನನಗೆ ಗೊತ್ತಿಲ್ಲದ್ದನ್ನು ನಾನು ನೋಡಿಕೊಳ್ಳೋದು ಹೇಗೆ?"

ಅವಳು ಒಲೆಗೆ ಕಟ್ಟಿಗೆ ತುರುಕಿದಳು.

"ನನ್ನ ಹೆಸರಿನ ಮರ್ಯಾದೆ ನೀನು ತಿಂದೆ. ಆಯ್ತು, ತಿನ್ನು. ಹಾಗಾದರೆ ಅದೇ ಹೆಸರಿನ ಬೈಗುಳವನ್ನೂ ನೀನೇ ತಿನ್ನಬೇಕಿತ್ತಲ್ಲ. ಅದನ್ನು ಮಾತ್ರ ಜೀಪಿನಲ್ಲಿ ನನ್ನ ಅಂಗಳಕ್ಕೆ ಕಳಿಸಿದೆ."

ಅವಳು ಅತ್ತಳು. ನಾನು ಅಳಲಿಲ್ಲ, ಕೊನೆಯ ಬಸ್ಸಿಗೆ ಹೊತ್ತಾಗಿತ್ತು. ಹೊರಡೋವಾಗ ಗುಂಪಿನ ಆ ಕಡೆಯ ಹೆಂಗಸರು ಇಬ್ಬರು ಬಾಗಿಲಲ್ಲಿ ಸಿಕ್ಕಿದರು. "ಸೊಂಟ ನೋವು ಹೇಗಿದೆ ಮೇಸ್ತ್ರಕ್ಕಾ? ಈ ವರ್ಷ ನಿಮಗೆ ಕೂರೋಕಾಗಲ್ಲವಂತೆ" ಅಂತ ಮರುಕದಿಂದ ಕೇಳಿದರು. ಅಂಗಡಿಯವನಿಗೆ ಕಿವಿ, ಇವರಿಗೆ ಸೊಂಟ. ಇನ್ನು ಸ್ವಲ್ಪ ದಿನ ಬಿಟ್ಟಿದ್ದರೆ ನನ್ನ ತಿಥಿ ಮಾಡಿಸ್ತಿದ್ದಳು.

ಗುಂಪು ಒಡೀತು. ಆ ಕಡೆಯವರು ಅವಳ ಹಿಂದೆ ಹೋದರು, ಅವರಿಗೂ ಹೊಟ್ಟೆ ಉಂಟು. ಈ ಕಡೆಯವರು ನನ್ನ ಜೊತೆ ಉಳಿದರು. ಬಾಯಿಬಡುಕಿಯೂ ಉಳಿದಳು, ಅದೊಂದು ಆಶ್ಚರ್ಯ. ಫೋನಿನಲ್ಲಿ ಹಿಡಿಯೋದನ್ನು ನಾನು ನಿಲ್ಲಿಸಿದೆ. ಯಾರು ಕರೆದರೂ, "ಬಾಗಿಲಿಗೆ ಬನ್ನಿ, ಎಲೆ ತನ್ನಿ" ಅಂದೆ. "ಈ ಕಾಲದಲ್ಲಿ ಎಂತ ಮೇಸ್ತ್ರಿ ಇದೆಲ್ಲಾ, ಕಿಸೆಯಲ್ಲಿ ಫೋನು ಉಂಟು" ಅಂತ ಬೈದು ಹಲವರು ಬಿಟ್ಟೇ ಬಿಟ್ಟರು. ಕೆಲವರು ಬಂದರು. ಮೇಗುಂದದವರು ಬರಲಿಲ್ಲ. ಅವರ ಗೇಟಿನ ಎದುರಿಗೆ ಬಸ್ಸು ಹೋಗೋವಾಗ ನಾನು ಇನ್ನೊಂದು ಕಡೆಯ ಕಿಟಕಿ ನೋಡ್ತೇನೆ.

ಮುಂದಿನ ಕೊಯ್ಲಿನ ಹೊತ್ತಿಗೆ ಎಲ್ಲಾ ಕಂಪನಿಯ ಟವರೂ ಎಲ್ಲಾ ಗುಡ್ಡದ ಮೇಲೆ ಎದ್ದಿತ್ತು. ಅಂಗಡಿಯವನು ಹೇಳಿದ ಹಾಗೇ ಆಯ್ತು, ಬಸ್ಸಿನಲ್ಲಿ ಕೂತವರು ಕೊಪ್ಪದಲ್ಲಿ ಶುರು ಮಾಡಿದ ಮಾತನ್ನು ಶೃಂಗೇರಿಯಲ್ಲಿ ಮುಗಿಸೋರು. ಆಗ ಒಂದು ಮಧ್ಯಾಹ್ನ ಕೋಲುಫೋನು ಬಡಕೊಂಡಿತು. ಎತ್ತಿದೆ.

"ಅಕ್ಕಾ" ಅಂದಳು. ಒಂದು ವರ್ಷದ ಮೇಲೆ. "ಅಕ್ಕಾ, ಸಿಟ್ಟು ಸಾಕು ಮಾರಾಯ್ತಿ. ನನ್ನ ಕಷ್ಟ ಕೇಳು. ಸುದ್ದಿ ಎಲ್ಲಾ ಕಡೆ ಹರಡಿದೆ. ಫೋನು ಮಾಡಿದವರು ಮೊದಲು ಕೇಳೋದೇ ನೀನು ಅಕ್ಕನಾ ತಂಗಿಯಾ ಅಂತ. ತಂಗಿ ಅಂದರೆ ಇಟ್ಟುಬಿಡ್ತಾರೆ. ಅಕ್ಕ ಅಂದರೆ ನಂಬಲ್ಲ. ನನ್ನ ಹೆಂಗಸರು ಮನೆಯಲ್ಲಿ ಕೂತಿದ್ದಾರೆ. ನೀನು ಒಂದು ನಾಲ್ಕು ಮನೆಗೆ ಫೋನು ಮಾಡಿ, ಅವಳನ್ನು ಕರೀರಿ, ನನ್ನದು ಒಪ್ಪಿಗೆ ಉಂಟು ಅಂತ ಹೇಳು. ನೀನು ಹೇಳಿದರೆ ಕೇಳ್ತಾರೆ. ಹೇಳ್ತೀಯಲ್ಲ ಅಕ್ಕಾ?"

ಜಗಲಿಯಲ್ಲಿ ನನ್ನ ಹೆಂಗಸರು ಕತ್ತಿ ಮಸೀತಿದ್ದರು. ನಾಳೆಗೆ ಒಂದು ಮನೆಯವರ ಎಲೆ ಹಿಡಿದಿದ್ದೆ.

"ಮೇಸ್ತ್ರಿ ಮನೆಯಲ್ಲಿಲ್ಲ" ಅಂದೆ. "ತಂಗಿ ಮಾತಾಡೋದು."

ಆ ಕಡೆ ಉಸಿರು ಕೇಳ್ತಿತ್ತು. ಸಿಗ್ನಲ್ಲು ಚೆನ್ನಾಗಿತ್ತು, ಒಂದು ಕಟಕಟವೂ ಇರಲಿಲ್ಲ. ಆಮೇಲೆ ನಾನೇ ಇಟ್ಟೆ, ಹೊರಗೆ ಹೋಗಿ ನನ್ನ ಕತ್ತಿ ಮಸೀತಾ ಕೂತೆ.